ಕೇಶರಬಾಯಿಯ ಕೈಗುಣ

ಡಾಬಕಾದ ಕೇಶರಬಾಯಿ ಕೊಡುತ್ತಿದ್ದ ಮುಲಾಮಿಗೆ ಬೆಲೆ ಇರಲಿಲ್ಲ, ಕರಾರು ಮಾತ್ರ ಒಂದಿತ್ತು. ಮೊದಲ ಸಲ ಹಚ್ಚುವುದು ಅವಳೇ. ಬಂದವರು ಯಾರೇ ಆಗಲಿ, ಊರಿಗೆ ಎಷ್ಟೇ ದೊಡ್ಡವರಾಗಲಿ, ಅವಳ ಅಂಗಳದ ಕಟ್ಟೆಯ ಮೇಲೆ ಕೂತು ಇಸಬು ಎದ್ದ ಕೈಯನ್ನೋ ಕಾಲನ್ನೋ ಅವಳ ಮಡಿಲಿಗೆ ಚಾಚಬೇಕು. ಅವಳು ಎರಡು ಬೆರಳಲ್ಲಿ ಮುಲಾಮು ತೆಗೆದು, ಕೂಸಿಗೆ ಎಣ್ಣೆ ತಿಕ್ಕುವ ಹಾಗೆ ನಿಧಾನಕ್ಕೆ ಹಚ್ಚಿದ ಮೇಲೆಯೇ ಡಬ್ಬಿ ತುಂಬಿ ಕೊಡುವಳು. ಮನೆಗೆ ಒಯ್ದು ನಾವೇ ಹಚ್ಚಿಕೊಳ್ಳುತ್ತೇವೆ ಅಂದವರಿಗೆ, "ಹಂಗಾದ್ರ ಮಾಡೋದೂ ನೀವೇ ಮಾಡ್ಕೋರಿ" ಎಂದು ಮುಚ್ಚಳ ಹಾಕಿಬಿಡುತ್ತಿದ್ದಳು.

ಜನ ಇದನ್ನು ಮುದುಕಿಯ ಹಟ ಅನ್ನುತ್ತಿದ್ದರು. ಕೈಗುಣ ಇದ್ದವರಿಗೆ ಇಷ್ಟು ಬಿಗುಮಾನ ಇದ್ದದ್ದೇ ಎಂದು ತಾವೇ ಸಮಾಧಾನವನ್ನೂ ಮಾಡಿಕೊಳ್ಳುತ್ತಿದ್ದರು. ಅದು ಹಟವಲ್ಲ ಎಂದು ಅವಳ ಮಗ ಮಚ್ಛೇಂದ್ರನಿಗೆ ಗೊತ್ತಿತ್ತು. ಕೇಶರಬಾಯಿ ಈ ಊರಿಗೆ ಸೊಸೆಯಾಗಿ ಬಂದಾಗ ಮೇಲಿನ ಓಣಿಯವರ ಹೊಲಗಳಲ್ಲಿ ಕಳೆ ಕೀಳಲು ಹೋಗುತ್ತಿದ್ದಳು. ನೀರಡಿಸಿದರೆ ಬೊಗಸೆ ಒಡ್ಡಬೇಕು. ಚೊಂಬು ಬೊಗಸೆಗೆ ತಾಗದ ಹಾಗೆ ಮೇಲಿನಿಂದ ಸುರಿಯುತ್ತಿದ್ದರು, ಅರ್ಧ ನೀರು ಮೊಣಕೈಯಿಂದ ಹರಿದು ಮಣ್ಣು ಸೇರುತ್ತಿತ್ತು. ಈಗ ಅವರದು ಬುದ್ಧನ ಮನೆ. ಗೋಡೆಯ ಮೇಲೆ ದೇವರ ಪಟವಿಲ್ಲ, ಮುಲಾಮಿಗೆ ಮಂತ್ರವಿಲ್ಲ, ತಾಯತವಿಲ್ಲ. ಬೇವಿನ ಎಲೆ, ಹೊಂಗೆ ಎಣ್ಣೆ, ಜೇನುಮೇಣ, ಚಿಟಿಕೆ ಕರ್ಪೂರ, ಇಷ್ಟೇ. ಅತ್ತೆ ಸೊಸೆಗೆ ಕಲಿಸಿದ್ದು. ಪ್ರತಿ ಐತವಾರ ಅದೇ ಮೇಲಿನ ಓಣಿ ಇಳಿದು ಬಂದು ಅವಳ ಮಡಿಲಿಗೆ ಕೈ ಚಾಚುತ್ತಿತ್ತು. ಮುಟ್ಟಿಸಿಕೊಳ್ಳುವುದೇ ಅವಳ ಫೀಸು.

ಈ ಫೀಸು ತಪ್ಪಬಾರದೆಂದು ಮಚ್ಛೇಂದ್ರ ಹನ್ನೆರಡು ವರ್ಷ ಒಂದು ಸುಳ್ಳನ್ನು ಸಾಕಿದ.

ಸುಳ್ಳು ಹುಟ್ಟಿದ್ದು ಕಾವೇರಿಬಾಯಿಯ ಕೈಯಿಂದ. ಕಾವೇರಿಬಾಯಿ ಮೇಲಿನ ಓಣಿಯ ದೊಡ್ಡ ಮನೆಯ ಯಜಮಾನಿ, ಚೊಂಬು ತಾಗಿಸದೆ ನೀರು ಹೊಯ್ದವಳು. ಅವಳ ಎರಡೂ ಅಂಗೈಗೆ ಇಸಬು ಹತ್ತಿ, ಬಿರುಕು ಬಿಟ್ಟು, ರೊಟ್ಟಿ ತಟ್ಟಲು ಬಾರದಂತಾಗಿತ್ತು. ಔರಾದಿನ ಡಾಕ್ಟರಾಯಿತು, ಉದಗೀರಿನ ವೈದ್ಯನಾಯಿತು, ಕೊನೆಗೆ ಬೇರೆ ದಾರಿ ಕಾಣದೆ ಸೆರಗು ಹೊದ್ದು ಕೇಶರಬಾಯಿಯ ಅಂಗಳಕ್ಕೆ ಬಂದಳು. ಎರಡು ಐತವಾರ ಹಚ್ಚಿಸಿಕೊಂಡರೂ ಕಡಿಮೆ ಆಗಲಿಲ್ಲ. ಮೂರನೆಯ ಐತವಾರ ಬಂದವಳು ಕೂರಲೂ ಇಲ್ಲ. "ಮುಟ್ಟಿಸಿಕೊಂಡಿದ್ದಷ್ಟೇ ಬಂತು ನೋಡು" ಅಂದು, ಅಷ್ಟು ಜನರ ಮುಂದೆ ಕೈ ಜಾಡಿಸಿ ನಡೆದಳು.

ಆ ಮಾತು ಕೇಶರಬಾಯಿಗೆ ಹೇಗೆ ತಾಗಿತೆಂದರೆ ನಾಲ್ಕು ದಿನ ಅವಳು ಒಲೆಯ ಮೇಲೆ ಮುಲಾಮಿನ ಪಾತ್ರೆ ಇಡಲಿಲ್ಲ. ಮಚ್ಛೇಂದ್ರ ಆಗಷ್ಟೇ ಬೀದರಿನಲ್ಲಿ ಡಿ.ಫಾರ್ಮ್ ಮುಗಿಸಿ ಭಾಲ್ಕಿಯ ಒಂದು ಮೆಡಿಕಲ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದ. ಓದಿದ ಮಗ ಅಲ್ಲವೇ, ಅವನಿಗೆ ಉಪಾಯ ಗೊತ್ತಿತ್ತು. ಇಸಬನ್ನು ಮೂರು ದಿನದಲ್ಲಿ ಮಲಗಿಸಿಬಿಡುವ ಜೋರು ಸ್ಟೆರಾಯ್ಡಿನ ಆರು ಟ್ಯೂಬು ತಂದ. ಅವ್ವ ಸಮಾಧಾನ ಮಾಡಿಕೊಂಡು ಮತ್ತೆ ಮುಲಾಮು ಕಾಸಿ ಆರಲು ಇಟ್ಟಿದ್ದಾಗ, ಅವಳು ನೀರಿಗೆ ಹೋದ ಹೊತ್ತು ನೋಡಿ, ಅಷ್ಟನ್ನೂ ಅದರಲ್ಲಿ ಹಿಂಡಿ ಕಲೆಸಿದ. ಅವ್ವನಿಗೆ ಕೈಮುಗಿದು, ಕಾವೇರಿಬಾಯಿಗೆ ಇನ್ನೊಂದೇ ಸಲ ಕೊಟ್ಟು ಕಳಿಸಲು ಹೇಳಿದ.

ಮುಂದಿನ ವಾರ ಕಾವೇರಿಬಾಯಿ ಹಾಡಹಗಲಲ್ಲಿ ಊರ ನಡುವಿನ ದಾರಿಯಿಂದಲೇ ಬಂದಳು. ಸೆರಗು ಹೊದ್ದಿರಲಿಲ್ಲ. ಕಟ್ಟೆಯ ಮೇಲೆ ಕೂತು, ವಾಸಿಯಾದ ಎರಡೂ ಕೈಗಳನ್ನು ಕೇಶರಬಾಯಿಯ ಮಡಿಲಲ್ಲಿಟ್ಟು, "ತಪ್ಪಾತವ್ವ ಕೇಶರಾ, ನಿನ್ನ ಕೈ ಕೈಯಲ್ಲ, ಅಮೃತ" ಅಂದಳು. ಆ ಮನೆಯ ಚಹಾ ಕುಡಿದು ಹೋದಳು. ಅವತ್ತು ಅವ್ವನ ಮುಖ ಹೇಗಿತ್ತು ಎಂಬುದನ್ನು ಮಚ್ಛೇಂದ್ರ ಸಾಯುವವರೆಗೂ ಮರೆಯುವವನಲ್ಲ. ಆ ಮುಖವನ್ನು ಕಾಯಬೇಕೆಂದೇ ಅವನು ಕಳ್ಳನಾದದ್ದು, ಇದನ್ನು ಅವನ ಪರವಾಗಿ ಹೇಳಲೇಬೇಕು.

ಆಮೇಲೆ ಅದು ರೂಢಿಯಾಯಿತು. ಈಗಿನ ಜೇನುಮೇಣದಲ್ಲಿ ಕಲಬೆರಕೆ ಇರುತ್ತದೆ, ನಾನು ಭಾಲ್ಕಿಯಿಂದ ಒಳ್ಳೆಯ ಬಿಳಿ ಮೇಣ ತರುತ್ತೇನೆ ಎಂದು ಅವ್ವನಿಗೆ ಹೇಳಿದ. ತಿಂಗಳಿಗೊಮ್ಮೆ ಎರಡು ಡಬ್ಬ ಬಿಳಿ ಮೇಣ ಡಾಬಕಾಕ್ಕೆ ಬರುತ್ತಿತ್ತು, ಒಳಗೆ ಟ್ಯೂಬುಗಳ ಮದ್ದು ನಾದಿದ ಹಿಟ್ಟಿನ ಹಾಗೆ ಸೇರಿರುತ್ತಿತ್ತು. ಅವ್ವ ನಂಬಿದಳು. ಓದಿದ ಮಗನನ್ನು ನಂಬದೆ ಇನ್ನಾರನ್ನು ನಂಬಬೇಕು? ಹೆಸರು ಔರಾದಿಗೆ ಮುಟ್ಟಿತು, ಕಮಲನಗರ ದಾಟಿ ಮಹಾರಾಷ್ಟ್ರದ ಹಳ್ಳಿಗಳಿಗೂ ಹೋಯಿತು. ಹಿತ್ತಲ ಗಿಡ ಮದ್ದಲ್ಲ ಅನ್ನುವ ಜನ ಕೇಶರಬಾಯಿಯ ಹಿತ್ತಲಿಗೆ ಮಾತ್ರ ಸಾಲು ಹಚ್ಚಿದರು.

ವಿಚಿತ್ರವೆಂದರೆ ಭಾಲ್ಕಿಯ ಅಂಗಡಿಯಲ್ಲಿ ಮಚ್ಛೇಂದ್ರನಷ್ಟು ಕಟ್ಟುನಿಟ್ಟಿನ ಮನುಷ್ಯ ಇರಲಿಲ್ಲ. ತುರಿಕೆಗೆ ಒಂದು ಟ್ಯೂಬು ಕೊಡಿ ಎಂದು ಬಂದವರನ್ನು ಚೀಟಿ ಇಲ್ಲದೆ ಕೊಡುವುದಿಲ್ಲ ಎಂದು ಹಿಂದಕ್ಕೆ ಕಳಿಸುತ್ತಿದ್ದ. ಚರ್ಮ ತೆಳ್ಳಗಾಗುತ್ತದೆ, ಬಿಟ್ಟ ಕೂಡಲೇ ದುಪ್ಪಟ್ಟು ಏಳುತ್ತದೆ, ಕಣ್ಣಿನ ಹತ್ತಿರ ಹಚ್ಚಿದರೆ ಕಣ್ಣು ಹೋಗುತ್ತದೆ ಎಂದು ಪಾಠ ಹೇಳುತ್ತಿದ್ದ. ಡಾಬಕಾದ ಮಾತು ಬಂದರೆ, ಅಷ್ಟು ಮೇಣದಲ್ಲಿ ಇಷ್ಟೇ ಇಷ್ಟು, ಏನಾಗುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಅವನ ಮಗಳು ಮಹಾಮಾಯಾ ಹುಟ್ಟಿದ ಆರು ತಿಂಗಳಿಗೇ ಇಸಬು ಕಾಣಿಸಿಕೊಂಡಿತು. ಮೊದಲು ಕೆನ್ನೆ, ಆಮೇಲೆ ಮೊಣಕೈ ಸಂದು, ಮಂಡಿಯ ಹಿಂದೆ, ನಾಲ್ಕು ತುಂಬುವಷ್ಟರಲ್ಲಿ ಎರಡೂ ಕಣ್ಣಿನ ರೆಪ್ಪೆ. ಹುಡುಗಿ ನಿದ್ದೆಗಣ್ಣಲ್ಲೂ ಕೆರೆದುಕೊಳ್ಳುತ್ತಿದ್ದಳು. ಅವಳ ತಾಯಿ ಸಪನಾ ಅತ್ತೆಯ ಮುಲಾಮು ಹಚ್ಚುತ್ತೇನೆ ಅಂದಾಗ ಮಚ್ಛೇಂದ್ರ ಒಪ್ಪಲಿಲ್ಲ. "ನಮ್ಮ ಹುಡುಗಿಗೆ ಅವ್ವನ ಮಲಾಮ ಬ್ಯಾಡ" ಅಂದ. ಯಾಕೆ ಎಂದು ಕೇಳಿದರೆ ಹೇಳಲಿಲ್ಲ. ಊರಿಗೆಲ್ಲ ಹಂಚುವ ಮದ್ದು ತನ್ನ ಮಗಳಿಗೆ ಬೇಡ, ಅದೆಂಥ ನ್ಯಾಯ ಎಂದು ನಾವು ಕೇಳಬಹುದು. ಅವನು ತನ್ನನ್ನು ಕೇಳಿಕೊಳ್ಳಲಿಲ್ಲ. ಓದಿದ ಗಂಡನಿಗೆ ಹಡೆದವ್ವನ ಮದ್ದು ಕಂಡರೆ ನಾಚಿಕೆ ಎಂದು ಸಪನಾ ತಿಳಿದುಕೊಂಡಳು.

ಬೀದರಿನಲ್ಲಿ ಚರ್ಮದ ಡಾಕ್ಟರ್ ಕೇತಕಿ ಮೇಡಂ ಹುಡುಗಿಯನ್ನು ನೋಡಿ ಒಂದು ಕ್ರೀಮು ಬರೆದುಕೊಟ್ಟರು.

"ನೋಡಮ್ಮಾ, ಇದರಾಗ ಸ್ಟೆರಾಯ್ಡ್ ಇಲ್ಲ. ಮಕ್ಕಳಿಗೆ ಕಡಿಮಿ ಜೋರಿಂದು, ದೊಡ್ಡೋರಿಗೆ ಹೆಚ್ಚು ಜೋರಿಂದು ಬರ್ತದ, ಇದು ಮಕ್ಕಳದು. ದಿನಕ್ಕ ಎರಡು ಸಲ. ರೆಪ್ಪಿ ಮ್ಯಾಲೂ ಹಚ್ಚಬಹುದು. ಮೊದಲ ಒಂದು ವಾರ ಉರಿತದ, ಅಂಜಬ್ಯಾಡ, ಬಿಡಲೂಬ್ಯಾಡ. ಹಚ್ಚೋಕಿಂತ ಮೊದಲ ಫ್ರಿಜ್ಜಿನಾಗ ಇಡು, ಉರಿ ಕಮ್ಮಿ ಅನಸ್ತದ. ಸ್ಟೆರಾಯ್ಡ್ ಮಾತ್ರ ಕಣ್ಣಿನ ಹತ್ರ ನನ್ನ ಕೇಳದ ಹಚ್ಚಬ್ಯಾಡ. ಲಗೂ ಕಡಿಮಿ ಆಗ್ತದಂತ ಹಚ್ತಾರ, ಆಮ್ಯಾಲ ಕಣ್ಣೇ ಕಳಕೋತಾರ."

ಸಪನಾ ಈ ಮಾತನ್ನು ಮಂತ್ರದ ಹಾಗೆ ಮನಸ್ಸಿಗೆ ಬರೆದುಕೊಂಡಳು. ಸ್ಟೆರಾಯ್ಡ್ ಬೇಡ. ಪಕ್ಕದ ಮನೆಯ ಕುಬರಾ ತನ್ನ ಮಗನಿಗೆ ಹಚ್ಚುವ ಟ್ಯೂಬು ಕೊಟ್ಟಾಗ, ಹೆಸರು ಓದಿ ಗಂಡನಿಗೆ ತೋರಿಸಿ, ಹಾವು ಮುಟ್ಟಿದವಳ ಹಾಗೆ ತಿರುಗಿ ಕೊಟ್ಟಳು.

ಕ್ರೀಮು ಉರಿಯಿತು. ಡಾಕ್ಟರು ಹೇಳಿದ ಉರಿ ಬೇರೆ, ತಾಯಿಯ ತೊಡೆಯ ಮೇಲೆ ನಾಲ್ಕು ವರ್ಷದ ಕೂಸು ಬಿದ್ದು ಹೊರಳಾಡುವ ಉರಿ ಬೇರೆ. ಸಪನಾ ನಾಲ್ಕು ದಿನ ತಡೆದಳು. ಐದನೆಯ ದಿನ ಹುಡುಗಿ ಟ್ಯೂಬು ಕಂಡ ಕೂಡಲೇ ಮಂಚದ ಕೆಳಗೆ ಸೇರಿಕೊಂಡಳು. ಅವತ್ತೇ ಸಪನಾ, ಅತ್ತೆ ಕೊಟ್ಟು ಕಳಿಸಿದ್ದ ಡಾಬಕಾದ ಡಬ್ಬಿ ತೆರೆದಳು. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಡಾಕ್ಟರು ಬೇಡ ಅಂದದ್ದು ಸ್ಟೆರಾಯ್ಡ್. ಅತ್ತೆಯ ಮುಲಾಮು ಬೇವು, ಎಣ್ಣೆ, ಮೇಣ. ಅದರಲ್ಲಿ ಎಲ್ಲಿಯ ಸ್ಟೆರಾಯ್ಡ್? ಉರಿಯಲಿಲ್ಲ. ಮೂರು ದಿನಕ್ಕೆ ರೆಪ್ಪೆ ಹೂವಿನ ಹಾಗಾಯಿತು.

ಗಂಡನಿಗೆ ಹೇಳಲಿಲ್ಲ. ಅವನು ತಿಂಗಳು ತಿಂಗಳು ಡಾಕ್ಟರ ಟ್ಯೂಬು ತಂದುಕೊಡುತ್ತಿದ್ದ. ಅವಳು ಅದನ್ನು ಅಷ್ಟಿಷ್ಟು ಹಿಂಡಿ ಬಚ್ಚಲಿಗೆ ಹಾಕುತ್ತಿದ್ದಳು. ಮಗಳ ಮುಖ ತಿಳಿಯಾದದ್ದು ನೋಡಿ ಮಚ್ಛೇಂದ್ರ ಅಂಗಡಿಗೆ ಬಂದವರಿಗೆಲ್ಲ, "ಸ್ಟೆರಾಯ್ಡ್ ಇಲ್ಲದ್ದು ಹಚ್ಚರಿ, ಜರಾ ತಡಾ ಆಗ್ತದ, ಆದ್ರ ನಮ್ಮ ಮನ್ಯಾಗೇ ನೋಡೀನಿ" ಅನ್ನುತ್ತಿದ್ದ. ಹೀಗೆ ಮೂರು ವರ್ಷ ಹೋಯಿತು. ಗಂಡ ಹೆಂಡತಿಗೆ ಹೇಳಲಿಲ್ಲ, ಹೆಂಡತಿ ಗಂಡನಿಗೆ ಹೇಳಲಿಲ್ಲ, ನಡುವೆ ಕೂಸಿನ ಕಣ್ಣು.

ಮಹಾಮಾಯಾ ಎರಡನೆಯ ಇಯತ್ತೆಗೆ ಬಂದಾಗ, ಹುಡುಗಿ ಎಡಗಡೆ ಕೂತವರಿಗೆ ಡಿಕ್ಕಿ ಹೊಡೆಯುತ್ತಾಳೆ, ಪುಸ್ತಕವನ್ನು ಓರೆಯಾಗಿ ಹಿಡಿಯುತ್ತಾಳೆ ಎಂದು ಶಾಲೆಯ ಟೀಚರ್ ಹೇಳಿ ಕಳಿಸಿದರು. ಚಷ್ಮಾ ಬಂದಿರಬೇಕು ಎಂದುಕೊಂಡು ಗಂಡ ಹೆಂಡತಿ ಅವಳನ್ನು ಬೀದರಿನ ಕಣ್ಣಿನ ಡಾಕ್ಟರ್ ಅಂಜುಮ ಅವರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಒಂದು ಸಲ ನೋಡಿದರು, ಮಷೀನಿಗೆ ಗದ್ದ ಇಡಿಸಿ ಮತ್ತೆ ನೋಡಿದರು, ಆಮೇಲೆ ಹುಡುಗಿಯನ್ನು ನರ್ಸಿನ ಜೊತೆ ಹೊರಗೆ ಕಳಿಸಿದರು.

"ಕಣ್ಣಿನ ಒಳಗ ಒತ್ತಡ ಭಾಳ ಏರ್ಯಾದ್ರಿ. ಎಡಗಣ್ಣಿನ ನರ ಒಣಗಿಹೋಗ್ಯಾದ, ಅದು ತಿರುಗಿ ಬರಂಗಿಲ್ಲ. ಬಲಗಣ್ಣಿಗೂ ಸುರು ಆಗ್ಯಾದ. ಇಷ್ಟು ಸಣ್ಣ ಹುಡುಗಿಗೆ ಹಿಂಗ ಆಗೋದಿಲ್ಲ. ಇಸಬ ಅದ ಅಂತೀರಿ, ಕಣ್ಣಿನ ಸುತ್ತ ಸ್ಟೆರಾಯ್ಡ್ ಏನಾರ ಹಚ್ಚೀರೇನು?"

"ಒಂದು ಹನಿ ಇಲ್ರಿ" ಅಂದಳು ಸಪನಾ. ಅವಳ ದನಿಯಲ್ಲಿ ಅಳು ಇತ್ತು, ಆದರೂ ಹೆಮ್ಮೆ ಇತ್ತು. "ಸ್ಟೆರಾಯ್ಡ್ ಅಂದ್ರ ನಾ ಮನಿ ಹೊಸ್ತಿಲ ದಾಟಿಸಿಲ್ರಿ. ಸಣ್ಣಾಕಿ ಇದ್ದಾಗಿಂದ ನಮ್ಮ ಅತ್ತಿಯವರ ಗಿಡಮೂಲಿಕಿ ಮಲಾಮ ಅಷ್ಟೇ. ಮೂರು ವರ್ಷಾತು, ದಿನಾ ಎರಡು ಹೊತ್ತು, ನಾನೇ ಹಚ್ಚೀನಿ." ಗಂಡನ ಕಡೆ ತಿರುಗಿ, "ನಿಮಗ ಹೇಳಿದ್ದಿಲ್ಲ. ಬೈತೀರಂತ" ಅಂದಳು.

ಮಚ್ಛೇಂದ್ರ ಬಾಯಿ ತೆರೆದರೆ ಅವ್ವ ಬೀಳುತ್ತಾಳೆ, ಮುಚ್ಚಿದರೆ ಮಗಳು ಬೀಳುತ್ತಾಳೆ. ಬಿಸಿ ತುಪ್ಪ ನುಂಗಲೂ ಆಗದು, ಉಗುಳಲೂ ಆಗದು. ಡಾಕ್ಟರು ಅವನ ಮುಖ ನೋಡಿದರು. ಅವನು ನೆಲ ನೋಡಿದ. ಹುಟ್ಟಿನಿಂದ ಬಂದ ದೋಷವೂ ಇರಬಹುದು, ತಿಂಗಳ ಮಟ್ಟಿಗೆ ಈ ಹನಿ ಹಾಕಿ, ಇಳಿಯದಿದ್ದರೆ ಹೈದರಾಬಾದಿಗೆ ಕಳಿಸುತ್ತೇನೆ ಎಂದು ಡಾಕ್ಟರು ಚೀಟಿ ಬರೆದರು. ಅವನು ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು ಎದ್ದು ಬಂದ. ಹೇಡಿತನಕ್ಕೆ ನಮ್ಮಲ್ಲಿ ಬೇಕಾದಷ್ಟು ಒಳ್ಳೆಯ ಹೆಸರುಗಳಿವೆ, ಮಾತೃಪ್ರೇಮ ಅವುಗಳಲ್ಲಿ ಒಂದು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಅವನು ಹೊರಟ. ಭಾಲ್ಕಿಗೆ ಬಂದವನೇ ಮುಲಾಮಿನ ಡಬ್ಬಿಯನ್ನು ಗಟಾರಕ್ಕೆ ಎಸೆದ. ಸಪನಾ ಕೇಳಿದ್ದಕ್ಕೆ, "ಡಾಕ್ಟರ್ ಕ್ರೀಮ್ ಒಂದೇ ಹಚ್ಚು, ಇನ್ನೇನೂ ಬ್ಯಾಡ" ಅಂದ. ಯಾಕೆ ಎಂದು ಈ ಸಲವೂ ಹೇಳಲಿಲ್ಲ.

ಆದರೆ ಮೂರು ವರ್ಷ ಸ್ಟೆರಾಯ್ಡ್ ಕುಡಿದ ಚರ್ಮ ಸುಮ್ಮನೆ ಇರುತ್ತದೆಯೇ? ಎಂಟು ದಿನದಲ್ಲಿ ಹುಡುಗಿಯ ಮುಖ ಕೆಂಪಗೆ ಊದಿ, ರೆಪ್ಪೆಯಿಂದ ನೀರು ಸೋರತೊಡಗಿತು. ಅದರ ಮೇಲೆ ಕ್ರೀಮು ಬಿದ್ದರೆ ಬೆಂಕಿ. ಈ ಹೊತ್ತಿನಲ್ಲಿ ಚರ್ಮದ ಡಾಕ್ಟರ ಹತ್ತಿರ ಓಡಬೇಕಿತ್ತು, ಹೀಗೆ ಹೀಗೆ ಆಗಿದೆ, ಹೇಗೆ ಬಿಡಿಸುವುದು ಎಂದು ಕೇಳಬೇಕಿತ್ತು. ಕೇಳಬೇಕಾದರೆ ಹೇಳಬೇಕಲ್ಲ. ಮಚ್ಛೇಂದ್ರ, ಕಡಿಮೆಯಾಗುತ್ತದೆ ತಡೆ, ಎಂದು ಅಂಗಡಿಗೆ ಹೋದ. ಸಪನಾ ತಡೆಯಲಿಲ್ಲ. ಅಳುವ ಮಗಳನ್ನು ಎತ್ತಿಕೊಂಡು ಕಮಲನಗರದ ಬಸ್ಸು ಹತ್ತಿ, ಅಲ್ಲಿಂದ ಟಂಟಂ ಹಿಡಿದು ಡಾಬಕಾಕ್ಕೆ ಹೋದಳು. ಕೇಶರಬಾಯಿ ಮೊಮ್ಮಗಳ ಮುಖ ನೋಡಿ ಎದೆ ಬಡಿದುಕೊಂಡಳು.

"ಎಂಥಾ ಡಾಕ್ಟರವ್ವಾ, ಕೂಸಿನ ಮಾರಿ ಸುಟ್ಟು ಹಾಕ್ಯಾರ!"

ಕೂಸನ್ನು ಮಡಿಲಿಗೆ ಹಾಕಿಕೊಂಡು, ಹೊಸದಾಗಿ ಮಾಡಿದ ಮುಲಾಮನ್ನು ರೆಪ್ಪೆಗೆ, ಕಣ್ಣಿನ ಮೂಲೆಗೆ, ತಾನೇ ಹಚ್ಚಿದಳು. ಹುಡುಗಿ, "ಆಯಿ, ನಿಂದು ಉರಿಯಂಗಿಲ್ಲ" ಅಂದು ಅಲ್ಲೇ ನಿದ್ದೆ ಹೋದಳು. ನಾಲ್ಕು ದಿನ ಇದ್ದು, ಮುಖ ತಿಳಿಯಾದ ಮೇಲೆ ಸಪನಾ ತಿರುಗಿ ಬಂದಳು. ಕ್ರೀಮಿನಿಂದಲೇ ಕಡಿಮೆಯಾಯಿತು ಎಂದು ಗಂಡನಿಗೆ ಸುಳ್ಳು ಹೇಳಿದಳು. ಅವನು ನಂಬಿದ. ನಂಬಲು ಅವನಿಗೂ ಅವಸರವಿತ್ತು.

ತಿಂಗಳಾದ ಮೇಲೆ ಬೀದರಿಗೆ ಹೋದಾಗ ಡಾಕ್ಟರ್ ಅಂಜುಮ ಎರಡೂ ಕಣ್ಣುಗಳನ್ನು ಮಷೀನಿನಲ್ಲಿ ಎರಡೆರಡು ಸಲ ನೋಡಿದರು.

"ಹನಿ ಹಾಕಿದ್ರೂ ಇಳಿದಿಲ್ಲ, ಏರ್ಯಾದ. ಬಲಗಣ್ಣಿಗೂ ಅಂಚಿನ ದೃಷ್ಟಿ ಹೋಗ್ಯಾದ. ನೋಡವ್ವಾ, ಕಾರಣ ಗೊತ್ತಾಗದಿದ್ರ ನನ್ನ ಕೈ ಕಟ್ಟಿದಂಗ. ಚಂದಂಗ ನೆನಪ ಮಾಡ್ಕೋ. ಏನು ಹಚ್ಚೀರಿ?"

"ನನ್ನ ಮಗಳ ಮ್ಯಾಲ ಆಣಿ ಇಟ್ಟು ಹೇಳ್ತೇನಿ ರೀ. ಸ್ಟೆರಾಯ್ಡ್ ಹಚ್ಚಿಲ್ಲ." ಸಪನಾ ಮಗಳ ತಲೆಯ ಮೇಲೆ ಕೈ ಇಟ್ಟಳು. "ಮನ್ನೆ ಡಾಬಕಾಕ್ಕ ಹೋದಾಗೂ ಬರೇ ಅತ್ತಿ ಮಲಾಮೇ."

ಆ ಆಣೆ ಮಚ್ಛೇಂದ್ರನನ್ನು ಮುರಿಯಿತು. ಡಬ್ಬಿ ಎಸೆದದ್ದು ವ್ಯರ್ಥ ಎಂಬುದು ಒಂದು ಕಡೆ, ತನ್ನ ಸುಳ್ಳಿನ ಮೇಲೆ ಹೆಂಡತಿ ಕೂಸಿನ ಆಣೆ ಇಡುತ್ತಿದ್ದಾಳೆ ಎಂಬುದು ಇನ್ನೊಂದು ಕಡೆ.

"ಅದರಾಗ ಅದರಿ ಮೇಡಂ" ಅಂದ. "ಸ್ಟೆರಾಯ್ಡ್. ನಮ್ಮವ್ವನ ಮಲಾಮಿನಾಗ. ನಾನೇ ಹಾಕ್ತೇನಿ. ಹನ್ನೆರಡು ವರ್ಷಾತು. ನಮ್ಮವ್ವಗ ಗೊತ್ತಿಲ್ಲ. ಇಕಿಗೂ ಗೊತ್ತಿಲ್ಲ."

ಯಾವ ಸ್ಟೆರಾಯ್ಡ್, ಎಷ್ಟು ಜೋರಿನದು ಎಂದು ಡಾಕ್ಟರು ಕೇಳಿದರು. ಅವನು ಹೇಳಿದ. ಅವರು ಬರೆದುಕೊಂಡು, ಪೆನ್ನು ಕೆಳಗಿಟ್ಟರು. "ಹೋದ ತಿಂಗಳು ನೀವು ಇಲ್ಲೇ ಕೂತಿದ್ರಿ" ಅಂದರು, ಅಷ್ಟೇ. ಅದನ್ನು ನಿಲ್ಲಿಸಿದರೆ ಬಲಗಣ್ಣು ಉಳಿಯಬಹುದು, ಎಡಗಣ್ಣಿನ ಆಸೆ ಬಿಡಿ ಎಂದರು. ಎದುರಿನ ಓಣಿಯಲ್ಲಿದ್ದ ಕೇತಕಿ ಮೇಡಂಗೆ ತಾವೇ ಫೋನು ಮಾಡಿದರು. ಚರ್ಮ ಮತ್ತೆ ಕೆರಳುತ್ತದೆ, ಅದನ್ನು ಮೇಡಂ ನೋಡಿಕೊಳ್ಳುತ್ತಾರೆ, ಸ್ಟೆರಾಯ್ಡ್ ಇಲ್ಲದ ಕ್ರೀಮು ಒಂದೇ, ಉರಿದರೂ ಬಿಡಬಾರದು ಎಂದು ಹೇಳಿ ಕಳಿಸಿದರು.

ಸಪನಾ ಆಸ್ಪತ್ರೆಯಲ್ಲಿ ಅಳಲಿಲ್ಲ, ಬಸ್ಸಿನಲ್ಲೂ ಅಳಲಿಲ್ಲ. ಮಗಳು ಕಿಟಕಿಯ ಕಡೆ ಬಲಗಣ್ಣು ತಿರುಗಿಸಿ ಹೊಲಗಳನ್ನು ನೋಡುತ್ತ ಕೂತಿದ್ದಳು. ಭಾಲ್ಕಿ ಇನ್ನೇನು ಬಂತು ಅನ್ನುವಾಗ ಸಪನಾ ಬಾಯಿ ಬಿಟ್ಟಳು.

"ಎರಡು ಹೊತ್ತು ಹಚ್ಚೀನಿ. ಒಂದು ದಿನಾ ತಪ್ಪಿಸಿಲ್ಲ. ಆಕಿ ಬ್ಯಾಡ ಅಂದ್ರೂ ಹಿಡದು ಹಚ್ಚೀನಿ. ನೀವು ಒಂದ ಮಾತು ಹೇಳಿದ್ರ ಸಾಕಿತ್ತು."

ಅವನು ಜೇಬಿನಿಂದ ಡಾಕ್ಟರ ಚೀಟಿ ತೆಗೆದು ಅವಳ ಕೈಗೆ ಕೊಟ್ಟ.

"ಈ ಐತವಾರ ಡಾಬಕಾಕ್ಕ ಹೋಗೋಣ" ಅಂದಳು ಅವಳು. "ಎಲ್ಲಾರ ಮುಂದ ಹೇಳ್ರಿ. ಅಲ್ಲಿ ಇನ್ನೂ ಎಷ್ಟು ಮಂದಿ ಮಕ್ಕಳದಾವೋ."

ಐತವಾರ ಅವರು ಮುಟ್ಟುವಷ್ಟರಲ್ಲಿ ಅಂಗಳದಲ್ಲಿ ಇಪ್ಪತ್ತು ಜನ ಕೂತಿದ್ದರು. ಅವ್ವನನ್ನು ಒಳಗೆ ಕರೆದು ಮೊದಲು ಹೇಳಬೇಕೆಂದು ಮಚ್ಛೇಂದ್ರ ಅಂದುಕೊಂಡಿದ್ದ. ಆದರೆ ಕೇಶರಬಾಯಿ ಆಗಲೇ ಹಾವಗೆಪ್ಪ ಎಂಬ ಔರಾದಿನ ಕಡೆಯ ರೈತನ ಕಾಲನ್ನು ಮಡಿಲಲ್ಲಿಟ್ಟುಕೊಂಡು ಹಚ್ಚತೊಡಗಿದ್ದಳು. ಮಗ ಸೊಸೆಯನ್ನು ಕಂಡು ಅವಳ ಮುಖ ಅರಳಿತು. ಸಾಲಿನಲ್ಲಿ ಒಬ್ಬಳು ಹೆಂಗಸಿನ ತೊಡೆಯ ಮೇಲೆ ವರ್ಷದ ಕೂಸಿತ್ತು, ಕೆನ್ನೆ ತುಂಬ ಇಸಬು. ಸಪನಾ ಆ ಕೂಸನ್ನು ನೋಡಿ ಗಂಡನನ್ನು ನೋಡಿದಳು. ಅವನಿಗೆ ಮುಂದಕ್ಕೆ ಹಾಕಲು ದಾರಿ ಇರಲಿಲ್ಲ.

ನಿಂತಲ್ಲೇ ಹೇಳಿದ. ಬೇವು, ಎಣ್ಣೆಯಿಂದ ನಿಮಗೆ ವಾಸಿಯಾಗಲಿಲ್ಲ. ಬಿಳಿ ಮೇಣದಲ್ಲಿ ನಾನು ಟ್ಯೂಬಿನ ಮದ್ದು ಕಲೆಸುತ್ತಿದ್ದೆ, ಸ್ಟೆರಾಯ್ಡ್. ಅವ್ವನಿಗೆ ಗೊತ್ತಿರಲಿಲ್ಲ. ನನ್ನ ಮಗಳ ಎಡಗಣ್ಣು ಅದರಿಂದಲೇ ಹೋಗಿದೆ. ಮಕ್ಕಳಿಗೆ ಹಚ್ಚಬೇಡಿ, ದೊಡ್ಡವರೂ ನಿಮ್ಮಷ್ಟಕ್ಕೆ ನೀವೇ ಹಚ್ಚುವುದು ಬೇಡ, ಒಮ್ಮೆಗೇ ಬಿಡುವುದೂ ಬೇಡ, ಬೀದರಿಗೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಸ್ಟೆರಾಯ್ಡ್ ಇಲ್ಲದ ಕ್ರೀಮು ಬರೆದುಕೊಡುತ್ತಾರೆ, ಮಕ್ಕಳಿಗೂ ಇದೆ, ದೊಡ್ಡವರಿಗೂ ಇದೆ.

ಬೈಗುಳ ಬೀಳುತ್ತವೆ, ಕಲ್ಲು ಬಿದ್ದರೂ ಬೀಳಬಹುದು ಎಂದು ಅವನು ಕಾದ. ಏನೂ ಬೀಳಲಿಲ್ಲ. ಅಯ್ಯೋ ಪಾಪ ಎಂದು ಒಂದಿಬ್ಬರು ಹುಡುಗಿಯ ಕಡೆ ನೋಡಿದರು. ಆಮೇಲೆ ಹಾವಗೆಪ್ಪ ಕೇಳಿದ:

"ಆ ಕ್ರೀಮ್ ಹಚ್ಚಿದ್ರ ಎಷ್ಟು ದಿನಕ್ಕ ಕಡಿಮಿ ಆಗ್ತದ್ರಿ?"

"ಮೂರು ವಾರ ಬೇಕಾಗ್ತದ. ಕೆಲವರಿಗೆ ಇನ್ನೂ ತಡಾ."

"ಉರಿತದೇನು?"

"ಮೊದಲ ಒಂದು ವಾರ."

ಹಾವಗೆಪ್ಪ ತಲೆಯಾಡಿಸಿದ. ಕಟ್ಟೆಯ ತುದಿಯಲ್ಲಿ ಕೂತಿದ್ದ ಕಾವೇರಿಬಾಯಿ ಎದ್ದಳು. ಅವಳಿಗೆ ಈಗ ಎಪ್ಪತ್ತರ ಮೇಲೆ. ಹನ್ನೆರಡು ವರ್ಷ ಮುಲಾಮು ಉಂಡ ಕೈಗಳ ಚರ್ಮ ಉಳ್ಳಾಗಡ್ಡಿಯ ಸಿಪ್ಪೆಯಷ್ಟು ತೆಳ್ಳಗಾಗಿ, ಅಲ್ಲಲ್ಲಿ ನೀಲಿಗಟ್ಟಿತ್ತು. ವಯಸ್ಸಿನದೆಂದು ಎಲ್ಲರೂ ತಿಳಿದಿದ್ದರು.

"ಅಂದ್ರ ಗುಣಾ ಇಕಿ ಕೈದಲ್ಲ, ಟ್ಯೂಬಿಂದು" ಅಂದಳು. "ಹಂಗಾದ್ರ ನಾವ್ಯಾಕ ಇಲ್ಲಿತನಾ ಬರಬೇಕಪ್ಪಾ? ಹೆಸರು ಬರಕೊಡು. ಔರಾದಿನಾಗ ಸಿಗ್ತದಲ್ಲ?"

"ಬಾಯಾರ, ನಿಮ್ಮ ಕೈ ನೋಡ್ಕೋರಿ ಒಮ್ಮೆ. ಅದರದೇ ಗತಿ ಅದು. ನನ್ನ ಮಗಳ ಕಣ್ಣು ಹೋಗ್ಯಾದ ಅಂದ್ನಲ್ರಿ!"

"ನಾ ಏನು ಕಣ್ಣಿಗೆ ಹಚ್ತೇನೇನು? ಹುಡುಗಿದು ಹುಡುಗಿ ನಸೀಬ. ಬರಕೊಡು."

ಅವನು ಬರೆದುಕೊಡುವುದಿಲ್ಲ ಅಂದ. ಕೈಮುಗಿದ, ಬೇಡಿಕೊಂಡ, ಕಡೆಗೆ ಕೂಗಾಡಿದ. ಹಾವಗೆಪ್ಪ ಕೇಶರಬಾಯಿಯ ಮಡಿಲಿನಿಂದ ಕಾಲು ಎಳೆದುಕೊಂಡು, ಹಚ್ಚಿದ್ದನ್ನು ಟಾವೆಲ್ಲಿನ ಚುಂಗಿನಿಂದ ಒರೆಸಿ, ಚಪ್ಪಲಿ ಮೆಟ್ಟಿ, ಮಚ್ಛೇಂದ್ರನ ಮುಂದೆ ಬಂದು ನಿಂತ. ಅವನ ಹಿಂದೆ ಇನ್ನೊಬ್ಬರು. ನೋಡುನೋಡುತ್ತ ಇಡೀ ಸಾಲು ಮುದುಕಿಗೆ ಬೆನ್ನು ಮಾಡಿ ಮಗನ ಕಡೆ ತಿರುಗಿತು. ಬೀದರಿನ ಮಾತನ್ನು ನಿಜವಾಗಿ ಕೇಳಿಸಿಕೊಂಡವಳು ಆ ಕೂಸಿನ ತಾಯಿ ಒಬ್ಬಳೇ. ಅವಳು ಸಪನಾಳ ಹತ್ತಿರ ಹೋಗಿ ಡಾಕ್ಟರ ವಿಳಾಸ ಕೇಳಿದಳು. ಉಳಿದವರು, "ನೀವು ಹೇಳದಿದ್ರ ಏನಾತು, ಡಬ್ಬಿ ತೋರಿಸಿದ್ರ ಯಾವ ಅಂಗಡ್ಯಾವನಾರ ಹೇಳ್ತಾನ" ಎಂದುಕೊಳ್ಳುತ್ತ ಗುಂಪಾಗಿ ಟಂಟಂ ನಿಲ್ಲುವ ಕಡೆ ನಡೆದರು. "ಚಲೋ ಆತು ಬಿಡ್ರಿ" ಎಂದು ಯಾರೋ ಅಂದದ್ದು ಕೇಳಿಸಿತು. "ಹಚ್ಚಿಕೊಳ್ಳೋದು ನಾವೇ ಹಚ್ಚಿಕೊಂತೇವಿ."

ಅಂಗಳ ಖಾಲಿಯಾಯಿತು. ಕೇಶರಬಾಯಿ ಕೂತಲ್ಲೇ ಕೂತಿದ್ದಳು. ಮುಲಾಮು ಮೆತ್ತಿದ ಎರಡು ಬೆರಳು ಇನ್ನೂ ಎತ್ತಿಯೇ ಇದ್ದವು.

ಮಚ್ಛೇಂದ್ರ ಹೋಗಿ ಅವಳ ಕಾಲ ಹತ್ತಿರ ಕೂತ. ಅವಳು ಬೈದಿದ್ದರೆ, ಕಪಾಳಕ್ಕೆ ಹೊಡೆದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಕಾವೇರಿಬಾಯಿ ಕೈ?" ಎಂದು ಕೇಳಿದಳು.

"ಟ್ಯೂಬ್ ಅವ್ವ."

"ಕಮಲನಗರದ ಆ ಮಾಸ್ತರಂದು? ಕುತ್ತಿಗಿ ತುಂಬ ಎದ್ದಿತ್ತಲ್ಲ?"

"ಅದೂ ಟ್ಯೂಬೇ."

"ಅಮೀರ ಪಾಶಾನ ಸೊಸಿ? ಆಕಿ ನನ್ನ ಕೈ ಕಣ್ಣಿಗೆ ಒತ್ತಿಕೊಂಡಿದ್ಲು."

ಇಲ್ಲ, ಅದು ನಿನ್ನದೇ ಕೈಗುಣ ಎಂದು ಹೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಒಬ್ಬಳಾದರೂ ಇರಲಿ ಅನ್ನಿಸಿತು. ಆದರೆ ಬಾಗಿಲಲ್ಲಿ ಮಗಳು ಗೋಡೆ ಹಿಡಿದು ನಿಂತಿದ್ದಳು.

"ಅದೂ" ಅಂದ.

ಕೇಶರಬಾಯಿ ಮೊಮ್ಮಗಳ ಕಡೆ ನೋಡಿದಳು.

"ಮಾಯಾನ ಕಣ್ಣು?"

"ಅದು ನಾನವ್ವ. ನನ್ನ ತಪ್ಪು ಅದು. ನಿಂದು ಏನೂ ಇಲ್ಲ."

"ಯಾಕ ಇಲ್ಲ?" ಅವಳು ಎರಡು ಬೆರಳುಗಳನ್ನು ಸೀರೆಗೆ ಒರೆಸಿಕೊಂಡಳು, ಮತ್ತೆ ಮತ್ತೆ ಒರೆಸಿಕೊಂಡಳು. "ಮೂಲಿಗೆಲ್ಲಾ ಮುಟ್ಟಲಿ ಅಂತ ರೆಪ್ಪಿ ತೆರದು ಹಚ್ಚೀನಿ. ಊರಾಗ ಗುಣಾ ಆಗಿದ್ದೆಲ್ಲಾ ನಿನ್ನ ಟ್ಯೂಬಿಂದು. ಇದೊಂದು ಮಾತ್ರ ನನ್ನ ಕೈಲೇ ಆಗ್ಯಾದ, ಇದನ್ನೂ ಕಸಗೋಬ್ಯಾಡ."

ಮಹಾಮಾಯಾ ಗೋಡೆ ಬಿಟ್ಟು ಅಜ್ಜಿಯ ಹತ್ತಿರ ಬಂದು, ರೆಪ್ಪೆ ತುರಿಸುತ್ತದೆ, ಹಚ್ಚು ಎಂದು ಕಣ್ಣು ಮುಚ್ಚಿ ಮುಖ ಎತ್ತಿದಳು. ಕೇಶರಬಾಯಿ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.